‘ವಾಕ್’ ಎಂಬ ಇಂಗ್ಲಿಷ್ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಇಂಗ್ಲಿಷ್ ಹೇಳಿಕೊಡಲು ತೊಡಗಿ ಬಹಳ ವರ್ಷಗಳಾದವು. ಪದವಿ ಓದುವ ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರು, ಮಗುವಿಗೆ ಮನೆಪಾಠ ಹೇಳಬೇಕೆಂದು ತಾವೇ ಮೊದಲು ಕಲಿಯಲು ಬರುವ ತಾಯಂದಿರು, ಇವರೆಲ್ಲ ಒಂದಲ್ಲ ಒಂದು ದಿನ ‘ವಾಕ್’ ಎಂಬ ಪದದ ಬಳಿ ತಡೆದು ನಿಂತು ಪ್ರಶ್ನೆ ಕೇಳಿದ್ದಾರೆ. ಬೀದರ್, ಯಾದಗಿರಿಗಳಿಂದ ಪತ್ರ ಬರೆದು ಕೇಳಿದವರಿದ್ದಾರೆ. ಬೆಳಿಗ್ಗೆ ಅಪ್ಪನ ಕೆರೆಯ ದಂಡೆಯಲ್ಲಿ ತಿರುಗಾಡುವಾಗ ಜೊತೆಗೆ ಹೆಜ್ಜೆ ಹಾಕುತ್ತಲೇ ಕೇಳಿದವರೂ ಇದ್ದಾರೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಈ ಪದವನ್ನು ನಾವು ‘ವಾಕಿಂಗ್’ ಎಂಬ ಗೂಟಕ್ಕೆ ಕಟ್ಟಿಹಾಕಿ ಕಿರಿದು ಮಾಡಿಕೊಂಡಿದ್ದೇವೆ ಎಂಬುದು ನನ್ನ ಅನುಭವ. ಕನ್ನಡದ ‘ನಡೆ’ಯ ಕೈ ಹಿಡಿದು ಹೋದವರಿಗೆ ಅದು ಬೇಗ ಒಲಿಯುತ್ತದೆ.

## ಮೊದಲ ಪಾಠ

‘ವಾಕ್’ ಎಂದರೆ ವಾಕಿಂಗ್ ಹೋಗುವುದೇ ಅಲ್ಲವೇ ಮೇಡಂ?

ಅದೂ ಹೌದು, ಆದರೆ ಅಷ್ಟೇ ಅಲ್ಲ. ನಮ್ಮಲ್ಲಿ ‘ವಾಕಿಂಗ್’ ಎಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ನೆಪದಲ್ಲಿ ಕಾಲಿಗೆ ಶೂ ಏರಿಸಿ ಬೆಳಿಗ್ಗೆ ಹೊರಡುವ ನಡಿಗೆ ಮಾತ್ರ. ಬುತ್ತಿ ಕಟ್ಟಿಕೊಂಡು ತೊಗರಿ ಹೊಲಕ್ಕೆ ಹೊರಟವಳನ್ನು ನೋಡಿ ‘ವಾಕಿಂಗ್ ಹೊರಟಿದ್ದಾಳೆ’ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಅವಳು ಹೊಲಕ್ಕೆ ಹೋಗುವುದೂ ‘ವಾಕ್’, ಮಗು ಗೋಡೆ ಬಿಟ್ಟು ಮೊದಲ ಎರಡು ಹೆಜ್ಜೆ ಇಡುವುದೂ ‘ವಾಕ್’, ಅಡುಗೆಮನೆಯಿಂದ ಪಡಸಾಲೆಗೆ ಬರುವುದೂ ‘ವಾಕ್’. ಓಡದೆ, ಕಾಲೆತ್ತಿಟ್ಟು ಸಾಗುವುದಕ್ಕೆಲ್ಲ ಅದೇ ಪದ. ಅದು ಕ್ರಿಯಾಪದವೂ ಹೌದು, ನಾಮಪದವೂ ಹೌದು: ‘ಐ ವಾಕ್’ ಎಂದರೆ ನಡೆಯುತ್ತೇನೆ, ‘ಎ ವಾಕ್’ ಎಂದರೆ ಒಂದು ನಡಿಗೆ.

ನಡುವೆ ‘ಎಲ್’ ಅಕ್ಷರ ಇದೆಯಲ್ಲ, ‘ವಾಲ್ಕ್’ ಎಂದು ಓದಬೇಕಲ್ಲವೇ?

ಬೇಡ. ನೀವು ದಿನವೂ ಹಿಡಿಯುವ ಚಾಕ್‌ಪೀಸ್ ನೆನೆಸಿಕೊಳ್ಳಿ. ಅದರ ಬರಹದಲ್ಲೂ ‘ಎಲ್’ ಇದೆ, ಆದರೂ ಯಾರೂ ‘ಚಾಲ್ಕ್‌ಪೀಸ್’ ಎನ್ನುವುದಿಲ್ಲ. ‘ವಾಕ್’, ‘ಟಾಕ್’, ‘ಚಾಕ್’ ಮೂರೂ ಒಂದೇ ಮನೆಯ ಮಕ್ಕಳು: ‘ಎ’, ‘ಎಲ್’, ‘ಕೆ’ ಈ ಕ್ರಮದಲ್ಲಿ ಪದದ ಕೊನೆಗೆ ಬಂದಾಗ ‘ಎಲ್’ ಬಾಯಿ ಮುಚ್ಚಿಕೊಳ್ಳುತ್ತದೆ. ‘ಮಿಲ್ಕ್’, ‘ಸಿಲ್ಕ್’ ಪದಗಳಲ್ಲಿ ಹಿಂದಿನ ಸ್ವರ ಬೇರೆಯಾದ್ದರಿಂದ ಅಲ್ಲಿ ಅದು ಮಾತನಾಡುತ್ತದೆ.

‘ಐ ವಾಕ್ ಇನ್ ಎ ಬ್ಯಾಂಕ್’ ಎಂದು ಮಗಳು ಬರೆದಿದ್ದಾಳೆ. ಕೇಳಲು ಸರಿಯಾಗಿಯೇ ಇದೆ, ತಪ್ಪು ಎಲ್ಲಿ?

ಅವಳು ಬರೆಯಬೇಕಿದ್ದದ್ದು ‘ವರ್ಕ್’, ಅಂದರೆ ಕೆಲಸ ಮಾಡು. ಬ್ರಿಟಿಷ್ ಉಚ್ಚಾರದಲ್ಲಿ ‘ವರ್ಕ್’ ಪದದ ‘ಆರ್’ ಕೇಳಿಸದ ಕಾರಣ ಎರಡೂ ಒಂದೇ ಎಂಬಂತೆ ಕಿವಿಗೆ ಬೀಳುತ್ತವೆ. ವ್ಯತ್ಯಾಸ ತುಟಿಯಲ್ಲಿದೆ. ‘ವಾಕ್’ ಎನ್ನುವಾಗ ತುಟಿ ದುಂಡಗಾಗಬೇಕು, ನಮ್ಮ ‘ಆ’ ಮತ್ತು ‘ಓ’ಗಳ ನಡುವಿನ ದನಿ ಬರಬೇಕು. ‘ವರ್ಕ್’ ಎನ್ನುವಾಗ ಶುರುವಿನ ‘ವ’ ಕಳೆದ ಕೂಡಲೇ ತುಟಿ ಸಡಿಲವಾಗುತ್ತದೆ. ಕನ್ನಡಿಯ ಮುಂದೆ ನಿಲ್ಲಿಸಿ ಹತ್ತು ಸಲ ಹೇಳಿಸಿ, ಸಾಕು.

ಭೂತಕಾಲದಲ್ಲಿ ‘ವಾಕಿಡ್’ ಎನ್ನಬೇಕೇ, ‘ವಾಕ್ಡ್’ ಎನ್ನಬೇಕೇ?

ಎರಡೂ ಅಲ್ಲ, ‘ವಾಕ್ಟ್’. ‘ಕ’ಕಾರದ ಬೆನ್ನಿಗೆ ಬರುವ ‘ಇಡಿ’ಯನ್ನು ‘ಟ್’ ಎಂದು ಹೇಳುತ್ತಾರೆ. ‘ಟಾಕ್ಟ್’, ‘ಕುಕ್ಟ್’, ‘ಲುಕ್ಟ್’ ಎಲ್ಲವೂ ಹೀಗೆಯೇ.

## ವಾಕ್ಯದೊಳಗೆ

‘ಐ ಕೇಮ್ ಬೈ ವಾಕ್’ ತಪ್ಪೆಂದು ಹೇಳಿದಿರಿ. ‘ಬೈ ಬಸ್’ ಸರಿಯಾದರೆ ‘ಬೈ ವಾಕ್’ ಏಕೆ ತಪ್ಪು?

ನನ್ನ ಬಳಿಗೆ ಬರುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಕೇಳುವವರ ತರ್ಕವೂ ಚೆನ್ನಾಗಿದೆ. ‘ಬೈ ಬಸ್’, ‘ಬೈ ಟ್ರೇನ್’, ‘ಬೈ ಆಟೋ’ ಎಂದು ಸಾಲಾಗಿ ಕಲಿತ ನಾಲಿಗೆ ಅದೇ ಓಟದಲ್ಲಿ ‘ಬೈ ವಾಕ್’ ಎಂದುಬಿಡುತ್ತದೆ. ಆದರೆ ‘ಬೈ’ ಬರುವುದು ನಮ್ಮನ್ನು ಹೊತ್ತು ತರುವ ವಾಹನಕ್ಕೆ. ನಡಿಗೆಯಲ್ಲಿ ಹೊತ್ತು ತರುವ ವಾಹನವಿಲ್ಲ, ನಾವೇ ಬಂದಿರುತ್ತೇವೆ.

ಕನ್ನಡವನ್ನೇ ನೋಡಿ: ‘ಬಸ್ಸಿನಲ್ಲಿ ಬಂದೆ’ ಎನ್ನುತ್ತೇವೆ, ಆದರೆ ‘ನಡಿಗೆಯಲ್ಲಿ ಬಂದೆ’ ಎನ್ನುವುದಿಲ್ಲ. ‘ನಡೆದುಕೊಂಡು ಬಂದೆ’ ಎನ್ನುತ್ತೇವೆ. ಅಲ್ಲಿ ಕ್ರಿಯಾಪದವೇ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ ‘ಐ ವಾಕ್ಟ್’ ಎಂದರೆ ಮುಗಿಯಿತು. ‘ಕಮ್’ ಪದ ಬೇಕೇ ಬೇಕೆಂದರೆ ‘ಐ ಕೇಮ್ ಆನ್ ಫುಟ್’ ಎನ್ನಿ. ಅದು ನಮ್ಮ ‘ಕಾಲ್ನಡಿಗೆಯಲ್ಲಿ’ ಎಂಬುದಕ್ಕೆ ಸರಿಹೊಂದುತ್ತದೆ. ನಮ್ಮ ಹಿರಿಯರು ಉರ್ದುವಿನಿಂದ ತಂದುಕೊಂಡ ‘ಪೈದಲ್’ ಎಂಬ ಮಾತು ಕೂಡ ಇದೇ ಜಾಗದ್ದು.

‘ಗೋ ಫಾರ್ ವಾಕಿಂಗ್’ ಎನ್ನುತ್ತೇವೆ. ಎಲ್ಲರೂ ಹಾಗೆಯೇ ಹೇಳುತ್ತಾರಲ್ಲ?

ಎಲ್ಲರೂ ಹೇಳುತ್ತಾರೆ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ‘ಗೋ ಫಾರ್ ಎ ವಾಕ್’ ಅಥವಾ ‘ಗೋ ವಾಕಿಂಗ್’ ಎಂದು ಬರೆಯಿರಿ. ‘ಫಾರ್’ ಬಂದರೆ ‘ಎ ವಾಕ್’, ‘ವಾಕಿಂಗ್’ ಬಂದರೆ ‘ಫಾರ್’ ಬೇಡ. ಒಂದು ಎಚ್ಚರಿಕೆ: ಯಾರನ್ನಾದರೂ ‘ಫಾರ್ ಎ ವಾಕ್’ ಕರೆದುಕೊಂಡು ಹೋದರೆ ಅದು ತಿರುಗಾಟ, ‘ಫಾರ್ ಎ ರೈಡ್’ ಕರೆದುಕೊಂಡು ಹೋದರೆ ಟೋಪಿ ಹಾಕಿದ್ದಾರೆ ಎಂಬ ಅರ್ಥವೂ ಬರಬಹುದು.

ಮನೆ ಹತ್ತಿರವಿದೆ ಎನ್ನಲು ‘ವಾಕಬಲ್ ಡಿಸ್ಟನ್ಸ್’ ಎನ್ನಬಹುದೇ?

ಭಾರತದಲ್ಲಿ ಬಾಡಿಗೆ ಮನೆಯ ಪ್ರತಿ ಜಾಹೀರಾತಿನಲ್ಲೂ ಅದೇ ಇರುತ್ತದೆ, ಹಾಗಾಗಿ ಅದನ್ನು ತೀರಾ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಹೊರಗಿನವರ ಕಿವಿಗೆ ಹಿತವಾಗುವುದು ‘ವಿದಿನ್ ವಾಕಿಂಗ್ ಡಿಸ್ಟನ್ಸ್’. ‘ಹತ್ತು ನಿಮಿಷದ ದಾರಿ’ ಎನ್ನಲು ‘ಎ ಟೆನ್ ಮಿನಿಟ್ ವಾಕ್’ ಎನ್ನಿ. ಅಲ್ಲಿ ‘ಮಿನಿಟ್’ ಬಹುವಚನವಾಗುವುದಿಲ್ಲ.

‘ವಾಕ್ ದ ಡಾಗ್’ ಎಂದು ಓದಿದೆ. ನಾಯಿಯನ್ನು ನಡೆಯುವುದು ಎಂದರೇನು?

ನಾಯಿಯನ್ನು ನಡೆಸುವುದು. ಕನ್ನಡದಲ್ಲಿ ‘ನಡೆ’ಗೆ ‘ಇಸು’ ಸೇರಿ ‘ನಡೆಸು’ ಆಗುತ್ತದೆ, ಮಾಡು ಎಂಬುದು ಮಾಡಿಸು ಆದ ಹಾಗೆ. ಇಂಗ್ಲಿಷಿನಲ್ಲಿ ಪ್ರತ್ಯಯ ಸೇರುವುದಿಲ್ಲ, ಪದದ ಮುಂದೆ ಕರ್ಮವನ್ನು ಕೂರಿಸಿದರೆ ಅದೇ ‘ನಡೆಸು’ ಆಗಿಬಿಡುತ್ತದೆ. ಕತ್ತಲಾದ ಮೇಲೆ ಗೆಳತಿಯನ್ನು ಮನೆಯವರೆಗೆ ಬಿಟ್ಟು ಬಂದರೆ ‘ಐ ವಾಕ್ಟ್ ಹರ್ ಹೋಮ್’. ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು ಬಂದರೆ ‘ಐ ವಾಕ್ಟ್ ಮೈ ಸೈಕಲ್’. ಮೊದಲನೆಯ ವಾಕ್ಯ ನನಗೆ ಬಹಳ ಇಷ್ಟ. ಜೊತೆಗೆ ಹೋದದ್ದು, ಕಾಯ್ದದ್ದು, ಮನೆ ಮುಟ್ಟಿಸಿದ್ದು ಎಲ್ಲವೂ ನಾಲ್ಕು ಪದಗಳಲ್ಲಿ ಬಂದುಬಿಡುತ್ತದೆ.

ನಡೆದ ದೂರವೂ ಕರ್ಮವಾಗಬಹುದು: ‘ವಿ ವಾಕ್ಟ್ ಫೈವ್ ಮೈಲ್ಸ್’. ಈ ‘ಮೈಲಿ’ ಎಂಬ ಅಳತೆಯೇ ನಡಿಗೆಯಿಂದ ಹುಟ್ಟಿದ್ದು. ಲ್ಯಾಟಿನ್ನಿನ ‘ಮಿಲ್ಲೆ’ ಎಂದರೆ ಸಾವಿರ. ರೋಮನ್ನರ ಮೈಲಿ ಎಂದರೆ ಸಾವಿರ ಹೆಜ್ಜೆ, ಎಡ ಬಲ ಎರಡೂ ಸೇರಿದರೆ ಅವರಿಗೆ ಒಂದು ಹೆಜ್ಜೆ.

## ನಡಿಗೆಯ ಬಗೆಗಳು

ಡಾಕ್ಟರ್ ‘ಬ್ರಿಸ್ಕ್ ವಾಕ್’ ಮಾಡಿ ಎಂದಿದ್ದಾರೆ. ಅದು ಓಟವೋ, ನಡಿಗೆಯೋ?

ನಡಿಗೆಯೇ, ಆದರೆ ಚುರುಕು ನಡಿಗೆ. ಪಕ್ಕದವರ ಜೊತೆ ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅದೇ ಗುರುತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಈ ಮಟ್ಟದ ಶ್ರಮ ಬೇಕೆನ್ನುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಅದನ್ನು ಸೂರ್ಯ ಹುಟ್ಟುವ ಮೊದಲೇ ಮುಗಿಸಿಕೊಳ್ಳಿ.

ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ಅಷ್ಟೊಂದು ಪದ ಏಕೆ? ‘ವಾಕ್’ ಒಂದೇ ಸಾಲದೇ?

ಸಾಲುತ್ತದೆ, ಹೊಟ್ಟೆ ತುಂಬಲು ರೊಟ್ಟಿ ಒಂದೇ ಸಾಲುವ ಹಾಗೆ. ಆದರೆ ಹೇಗೆ ನಡೆದರು ಎಂಬುದನ್ನು ಒಂದೇ ಪದದಲ್ಲಿ ಕಾಣಿಸಲು ಈ ಪದಗಳು ಬೇಕು. ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಒಂದೊಂದು ಪದವನ್ನೂ ನಮ್ಮ ಊರಿನ ಒಂದೊಂದು ಜಾಗಕ್ಕೆ ಕರೆದೊಯ್ಯಿರಿ, ಅದು ಮರೆಯುವುದಿಲ್ಲ.

ಎರೆ ಹೊಲದಲ್ಲಿ ಮಳೆಯ ಮರುದಿನ ನಡೆದಿದ್ದೀರಲ್ಲವೇ? ಮೊದಲ ಹೆಜ್ಜೆಗೆ ಚಪ್ಪಲಿಯ ಅಡಿಗೆ ಒಂದು ಪದರ ಮಣ್ಣು, ಎರಡನೆಯದಕ್ಕೆ ಅದರ ಮೇಲೊಂದು. ಹತ್ತು ಹೆಜ್ಜೆಗೆ ಕಾಲು ಆನೆಯ ಕಾಲಿನಷ್ಟು ಭಾರ. ಬದುವಿನ ಮೇಲೆ ಕುಳಿತು ಕಡ್ಡಿಯಿಂದ ಕೆರೆದು ಮತ್ತೆ ಏಳಬೇಕು. ಹಾಗೆ ಕಾಲೆಳೆದುಕೊಂಡು, ದಣಿದು ನಡೆಯುವುದು ‘ಟ್ರಡ್ಜ್’. ಈ ಪದವನ್ನು ಲಂಡನ್ನಿನ ಹಿಮ ತೋರಿಸಿ ಕಲಿಸುವುದಕ್ಕಿಂತ ಚಿತ್ತಾಪುರದ ಹೊಲ ತೋರಿಸಿ ಕಲಿಸುವುದು ಎಷ್ಟೋ ಮೇಲು.

ಬೀದರಿನ ಝರಣಿ ನರಸಿಂಹ ಗುಹೆಗೆ ಹೋದವರಿಗೆ ‘ವೇಡ್’ ಎಂಬ ಪದವನ್ನು ವಿವರಿಸಬೇಕಾಗಿಯೇ ಇಲ್ಲ. ಸುಮಾರು 300 ಮೀಟರ್ ಸುರಂಗ, ಎದೆಮಟ್ಟ ನೀರು, ಮುಂದಿನವರ ಹೆಗಲು ಹಿಡಿದು ನೀರನ್ನು ಸೀಳುತ್ತ ದೇವರ ಬಳಿ ಸಾಗುವುದು. ನೀರಲ್ಲಿ ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ, ಅದೇ ‘ವೇಡ್’.

ಸಂಜೆ ಗಾಳಿಗೆ ಸುಮ್ಮನೆ ಅಡ್ಡಾಡುವುದು ‘ಸ್ಟ್ರೋಲ್’. ಅದರಲ್ಲಿ ಇನ್ನಷ್ಟು ನಿಶ್ಚಿಂತೆ ಬೆರೆತರೆ ‘ಸಾಂಟರ್’. ಆಸ್ಪತ್ರೆಯ ಹೊರಗೆ ಸುದ್ದಿಗಾಗಿ ಕಾಯುತ್ತ ಶತಪಥ ಹಾಕುವುದು ‘ಪೇಸ್’. ಮಲಗಿದ ಕೂಸು ಎಚ್ಚರವಾಗದಂತೆ ತುದಿಗಾಲಲ್ಲಿ ಹೋಗುವುದು ‘ಟಿಪ್‌ಟೋ’. ಕೂಸಿನದೇ ತಪ್ಪುಹೆಜ್ಜೆ ‘ಟಾಡಲ್’. ಕುಂಟುವುದು ‘ಲಿಂಪ್’, ತೂರಾಡುವುದು ‘ಸ್ಟ್ಯಾಗರ್’. ಚುನಾವಣೆ ಗೆದ್ದವನು ಎದೆಯುಬ್ಬಿಸಿ ಬರುವುದು ‘ಸ್ಟ್ರಟ್’. ಗುರಿಯಿಲ್ಲದೆ ಅಲೆಯುವುದು ‘ವಾಂಡರ್’. ಕನ್ನಡದಲ್ಲೂ ಅಡ್ಡಾಡು, ಸುತ್ತಾಡು, ಅಲೆದಾಡು, ತೂರಾಡು, ಓಲಾಡು ಎಂದು ಎಷ್ಟು ಬಗೆ ಇದೆ ನೋಡಿ. ನಾವು ಒಂದು ‘ಆಡು’ ಸೇರಿಸಿ ಮಾಡುವ ಕೆಲಸವನ್ನು ಅವರು ಹೊಸ ಪದ ತಂದು ಮಾಡುತ್ತಾರೆ.

ಪಾದಯಾತ್ರೆಗೆ ‘ವಾಕ್’ ಎನ್ನಬೇಕೇ, ‘ಮಾರ್ಚ್’ ಎನ್ನಬೇಕೇ?

ಯಾವ ಪಾದಯಾತ್ರೆ ಎಂಬುದರ ಮೇಲಿದೆ. ಸೀಗೆ ಹುಣ್ಣಿಮೆಯ ಹೊತ್ತಿಗೆ ತುಳಜಾಪುರಕ್ಕೆ, ಶಿವರಾತ್ರಿ, ಯುಗಾದಿಗೆ ಶ್ರೀಶೈಲಕ್ಕೆ, ವಾರಕರಿಗಳ ಜೊತೆ ಪಂಢರಪುರಕ್ಕೆ ನಮ್ಮ ಭಾಗದ ಜನ ನಡೆದು ಹೋಗುತ್ತಾರೆ. ಅದು ‘ಪಿಲ್‌ಗ್ರಿಮೇಜ್ ಆನ್ ಫುಟ್’. ಅದನ್ನು ‘ಮಾರ್ಚ್’ ಎಂದರೆ ಭಕ್ತಿ ಹೋಗಿ ಬೇಡಿಕೆ ಬಂದುಬಿಡುತ್ತದೆ.

‘ಮಾರ್ಚ್’ ಎಂದರೆ ಹಲವರು ಕೂಡಿ, ಒಂದು ಒತ್ತಾಯವನ್ನು ಎದುರಿಟ್ಟುಕೊಂಡು ನಡೆಯುವುದು. ಗಾಂಧೀಜಿ 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು ಸುಮಾರು 385 ಕಿಲೋಮೀಟರ್ ನಡೆದು ದಂಡಿ ಮುಟ್ಟಿದ್ದು ‘ಸಾಲ್ಟ್ ಮಾರ್ಚ್’. ತಿಂಗಳ ಹೆಸರಿಗೂ ಈ ಪದಕ್ಕೂ ಸಂಬಂಧವಿಲ್ಲ, ತಿಂಗಳು ಬಂದದ್ದು ರೋಮನ್ನರ ಯುದ್ಧದೇವತೆ ಮಾರ್ಸ್ ಹೆಸರಿನಿಂದ. ವಿನೋಬಾ ಭಾವೆಯವರು 1951ರಲ್ಲಿ ಆಗಿನ ಹೈದರಾಬಾದ್ ರಾಜ್ಯದ ಪೋಚಂಪಲ್ಲಿಯಲ್ಲಿ ಮೊದಲ ಭೂದಾನ ಪಡೆದು, ಮುಂದೆ ವರ್ಷಗಟ್ಟಲೆ ಊರೂರು ನಡೆದರು. ಅವರ ಕೈಯಲ್ಲಿ ಬೇಡಿಕೆಯ ಫಲಕವಿರಲಿಲ್ಲ, ಮನೆಬಾಗಿಲಿಗೆ ಹೋಗಿ ಕೇಳುವ ನಡಿಗೆ ಅದು. ಅಲ್ಲಿ ‘ವಾಕ್’ ಒಪ್ಪುತ್ತದೆ. ‘ಪದಯಾತ್ರಾ’ ಎಂದೇ ಬರೆದರೂ ಭಾರತದ ಇಂಗ್ಲಿಷ್ ಪತ್ರಿಕೆಗಳು ಒಪ್ಪಿಕೊಳ್ಳುತ್ತವೆ. ನನಗೆ ಅದೇ ಹೆಚ್ಚು ಇಷ್ಟ.

‘ಟ್ರೆಕ್ಕಿಂಗ್’ ಎಂದರೂ ನಡೆಯುವುದೇ ತಾನೇ?

ಹೌದು, ಆದರೆ ದೂರದ, ಕಷ್ಟದ ದಾರಿಯಲ್ಲಿ. ದಕ್ಷಿಣ ಆಫ್ರಿಕಾದ ಡಚ್ ವಲಸಿಗರ ಭಾಷೆಯಿಂದ ಬಂದ ಪದ. ಮೂಲ ಅರ್ಥ ಎಳೆಯುವುದು, ಎತ್ತಿನ ಗಾಡಿ ಕಟ್ಟಿಕೊಂಡು ಊರು ಬಿಟ್ಟು ಹೊರಡುವುದು. ಯಾದಗಿರಿಯ ಕೋಟೆ ಬೆಟ್ಟ ಹತ್ತುವುದಕ್ಕೆ ‘ಕ್ಲೈಂಬ್’ ಸಾಕು.

ವೇಗವಾಗಿ ನಡೆದರೆ ಓಟವಾಗುತ್ತದೆಯೇ? ಗಡಿ ಎಲ್ಲಿದೆ?

ಗಡಿ ವೇಗದಲ್ಲಿಲ್ಲ, ನೆಲದಲ್ಲಿದೆ. ಓಡುವಾಗ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿರುತ್ತವೆ. ನಡೆಯುವಾಗ ಒಂದಾದರೂ ಕಾಲು ನೆಲದ ಮೇಲಿರುತ್ತದೆ. ಒಲಿಂಪಿಕ್ಸ್‌ನ ‘ರೇಸ್ ವಾಕಿಂಗ್’ ನಿಂತಿರುವುದೇ ಇದರ ಮೇಲೆ: ನೆಲದ ಸಂಪರ್ಕ ತಪ್ಪಿದ್ದು ತೀರ್ಪುಗಾರರ ಬರಿಗಣ್ಣಿಗೆ ಕಾಣಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ದೇಹದ ಕೆಳಗೆ ನೇರವಾಗುವವರೆಗೆ ಮಂಡಿ ಮಡಚಬಾರದು. ಆ ಸ್ಪರ್ಧಿಗಳ ಸೊಂಟ ವಿಚಿತ್ರವಾಗಿ ಹೊರಳುವುದು ಈ ಎರಡು ಕಟ್ಟಳೆಗಳಿಂದಲೇ.

## ಪತ್ರಿಕೆ, ಕಚೇರಿ, ಮೈದಾನ

‘ವಾಕ್‌ ಇನ್ ಇಂಟರ್‌ವ್ಯೂ’ ಎಂದರೆ ನಡೆದುಕೊಂಡೇ ಹೋಗಬೇಕೇ? ಪತ್ರ ಬಂದಿರಬೇಕೇ?

ಈ ಪ್ರಶ್ನೆಗೆ ನಗಬೇಡಿ ಎಂದು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಹಳ್ಳಿಯಿಂದ ಬಂದು ಓದಿ, ಮನೆಗೆ ಮೊದಲ ಪದವಿ ತಂದ ಹುಡುಗನೊಬ್ಬ ನನ್ನ ಬಳಿ ಕಲಿಯುತ್ತಿದ್ದ. ಜಾಹೀರಾತಿನ ತುಂಡನ್ನು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದ. ದಿನಾಂಕ ಕಳೆದ ಮೇಲೆ ತಂದು ತೋರಿಸಿದ. ‘ಕರೆಪತ್ರ ಬರಲೇ ಇಲ್ಲ ಮೇಡಂ, ಅದಕ್ಕೇ ಹೋಗಲಿಲ್ಲ’ ಎಂದ. ಮಡಿಕೆಗಳಲ್ಲಿ ಕಾಗದ ಹರಿಯುವಷ್ಟು ಸಲ ಅದನ್ನು ಬಿಚ್ಚಿ ಓದಿದ್ದ. ‘ವಾಕ್‌ ಇನ್’ ಎಂಬ ಎರಡು ಪದಗಳ ಅರ್ಥ ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆ ದಿನದಿಂದ ಮೊದಲ ವಾರವೇ ಇದನ್ನು ಕಲಿಸುತ್ತೇನೆ.

‘ವಾಕ್‌ ಇನ್’ ಎಂದರೆ ಮುಂಚೆ ಅರ್ಜಿ, ಕರೆಪತ್ರ, ಸಮಯ ನಿಗದಿ ಏನೂ ಇಲ್ಲದೆ ನೇರವಾಗಿ ಒಳಗೆ ಬರಬಹುದು ಎಂದು. ಕನ್ನಡದಲ್ಲಿ ‘ನೇರ ಸಂದರ್ಶನ’ ಎನ್ನುತ್ತಾರೆ. ಜಾಹೀರಾತಿನಲ್ಲಿ ಹೇಳಿದ ದಿನ, ಹೇಳಿದ ಹೊತ್ತಿಗೆ ಅಂಕಪಟ್ಟಿಗಳ ಮೂಲ ಪ್ರತಿ, ಜೆರಾಕ್ಸ್, ಭಾವಚಿತ್ರ ಹಿಡಿದುಕೊಂಡು ಹೋಗಿ. ಬಸ್ಸಿನಲ್ಲಿ ಹೋದರೂ ‘ವಾಕ್‌ ಇನ್’ ಆಗುತ್ತದೆ.

‘ವಾಕೌಟ್’ ಮತ್ತು ‘ವಾಕೋವರ್’ ಒಂದೇ ಏನು?

ಬೇರೆ ಬೇರೆ. ವಿಧಾನಸಭೆಯಲ್ಲಿ ವಿರೋಧ ಪಕ್ಷದವರು ಪ್ರತಿಭಟಿಸಿ ಹೊರನಡೆದರೆ ‘ವಾಕೌಟ್’, ಪತ್ರಿಕೆಗಳ ಕನ್ನಡದಲ್ಲಿ ಸಭಾತ್ಯಾಗ. ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಬಂದರೂ ಅದೇ ಪದ. ಕಬಡ್ಡಿಯಲ್ಲಿ ಎದುರು ತಂಡ ಬಾರದೆ ಆಡದೆಯೇ ಗೆದ್ದರೆ ‘ವಾಕೋವರ್’. ಅದು ಕುದುರೆ ಪಂದ್ಯದ ಮಾತು: ಎದುರಾಳಿ ಇಲ್ಲದಾಗ ಇರುವ ಒಂದೇ ಕುದುರೆ ಓಡಬೇಕಿಲ್ಲ, ಪಂದ್ಯದ ದಾರಿಯಲ್ಲಿ ನಡೆದು ಬಂದರೆ ಸಾಕು.

ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ‘ಹಿ ವಾಕ್ಟ್’ ಎಂದರು. ಔಟಾದವರೆಲ್ಲ ನಡೆದೇ ಹೋಗುತ್ತಾರಲ್ಲ?

ಅಂಪೈರ್ ಬೆರಳೆತ್ತುವ ಮೊದಲೇ, ತಾನು ಔಟೆಂದು ತನಗೆ ಗೊತ್ತಿದ್ದು ಬ್ಯಾಟ್ಸ್‌ಮನ್ ಹೊರಟುಬಿಟ್ಟರೆ ಮಾತ್ರ ಅಲ್ಲಿ ‘ವಾಕ್ಟ್’ ಎನ್ನುತ್ತಾರೆ. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾ ವಿರುದ್ಧ ಆಡುತ್ತಿದ್ದ ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್, ಅಂಪೈರ್ ಔಟ್ ಕೊಡದಿದ್ದರೂ ಪೆವಿಲಿಯನ್ ಕಡೆ ಹೆಜ್ಜೆ ಹಾಕಿದರು. ಆ ಒಂದು ಪದದಲ್ಲಿ ಪ್ರಾಮಾಣಿಕತೆಯ ಅರ್ಥ ತುಂಬಿದೆ. ಅನುವಾದಿಸುವಾಗ ‘ನಡೆದರು’ ಎಂದಷ್ಟೇ ಬರೆದರೆ ಅದು ಸೋರಿಹೋಗುತ್ತದೆ, ‘ತಾವಾಗಿಯೇ ಹೊರನಡೆದರು’ ಎನ್ನಬೇಕು.

‘ಜೇವಾಕಿಂಗ್’ ಎಂದರೇನು? ಟ್ರಾಫಿಕ್ ಪಾಠದಲ್ಲಿ ಬಂದಿದೆ.

ಜೀಬ್ರಾ ಪಟ್ಟೆಯಿಲ್ಲದ ಕಡೆ, ಸಿಗ್ನಲ್ ನೋಡದೆ ರಸ್ತೆ ದಾಟುವುದು. ‘ಜೇ’ ಎಂಬುದು ಆಗಿನ ಅಮೆರಿಕದಲ್ಲಿ ಪಟ್ಟಣದ ರೀತಿನೀತಿ ತಿಳಿಯದ ಹಳ್ಳಿಗನನ್ನು ಹೀಯಾಳಿಸುವ ಮಾತಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾರುಗಳು ಬೀದಿಗೆ ಬಂದಾಗ, ಅಲ್ಲಿಯವರೆಗೆ ಎಲ್ಲರದಾಗಿದ್ದ ಬೀದಿಯಲ್ಲಿ ನಡೆಯುವವನೇ ತಪ್ಪಿತಸ್ಥ ಎನ್ನಲು ಈ ಪದ ಹಬ್ಬಿತು. ಈ ಪದ ನನಗೆ ಹಿಡಿಸುವುದಿಲ್ಲ. ಸೂಪರ್ ಮಾರ್ಕೆಟ್ ಬಳಿ ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು ಹಿಡಿದು ರಸ್ತೆ ದಾಟಲು ಕಾಯುವ ಹೆಂಗಸಿಗೆ ದಾಟುವ ಜಾಗ ಎಲ್ಲಿ ಎಂದು ಮೊದಲು ತೋರಿಸಬೇಕು. ಪದವನ್ನು ಕಲಿಯಿರಿ, ಅದರ ಹುಟ್ಟನ್ನೂ ನೆನಪಿಡಿ.

ಬಾಹ್ಯಾಕಾಶದಲ್ಲಿ ನೆಲವೇ ಇಲ್ಲ, ಅಲ್ಲಿ ‘ವಾಕ್’ ಹೇಗೆ?

1965ರ ಮಾರ್ಚ್ 18ರಂದು ಸೋವಿಯತ್ ಒಕ್ಕೂಟದ ಅಲೆಕ್ಸೀ ಲಿಯೊನೊವ್ ಸುಮಾರು 12 ನಿಮಿಷ ನೌಕೆಯ ಹೊರಗಿದ್ದರು. ಅದೇ ಮೊದಲ ‘ಸ್ಪೇಸ್ ವಾಕ್’. ಕಾಲಿಗೆ ಅಲ್ಲಿ ಕೆಲಸವಿಲ್ಲ, ತೇಲುವುದಷ್ಟೇ. ಮನೆಯಿಂದ ಹೊರಗೆ ಹೆಜ್ಜೆ ಇಟ್ಟರು ಎಂಬ ಭಾವದಲ್ಲಿ ಈ ಹೆಸರು ಒಪ್ಪುತ್ತದೆ. ಕನ್ನಡದ ‘ಬಾಹ್ಯಾಕಾಶ ನಡಿಗೆ’ಯೂ ಅದೇ ಭಾವದ್ದು.

## ಇನ್ನೂ ಆಳಕ್ಕೆ

‘ಆಲ್ ವಾಕ್ಸ್ ಆಫ್ ಲೈಫ್’, ‘ಕೇಕ್‌ವಾಕ್’ ಇವುಗಳಲ್ಲಿ ನಡಿಗೆ ಎಲ್ಲಿದೆ?

ಮೊದಲನೆಯದರಲ್ಲಿ ‘ವಾಕ್’ ಎಂದರೆ ಬಾಳಿನ ದಾರಿ, ಕಸುಬು. ‘ಸಮಾಜದ ಎಲ್ಲ ವರ್ಗದವರು’ ಎಂಬುದು ಸರಿಯಾದ ಕನ್ನಡ. ‘ಜೀವನದ ನಡಿಗೆಗಳು’ ಎಂದು ದಯವಿಟ್ಟು ಬರೆಯಬೇಡಿ. ‘ಕೇಕ್‌ವಾಕ್’ ಎಂದರೆ ಈಗ ಸುಲಭದ ಗೆಲುವು, ನಮ್ಮ ‘ನೀರು ಕುಡಿದಷ್ಟು ಸುಲಭ’. ಅದರ ಹಿಂದೆ ನೋವಿದೆ. ಅಮೆರಿಕದ ದಕ್ಷಿಣದ ತೋಟಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನರ ನಡಿಗೆ ನೃತ್ಯ ಅದು. ಚೆಂದವಾಗಿ ಹೆಜ್ಜೆ ಹಾಕಿದ ಜೋಡಿಗೆ ಬಹುಮಾನವಾಗಿ ಕೇಕ್ ಸಿಗುತ್ತಿತ್ತು.

‘ವಾಕ್’ ಪದ ಎಲ್ಲಿಂದ ಬಂತು? ‘ವಾಕರ್’ ಎಂಬ ಅಡ್ಡಹೆಸರಿನವರು ಬಹಳ ನಡೆಯುತ್ತಿದ್ದರೇ?

ನಡೆಯುತ್ತಿದ್ದರು, ಆದರೆ ನಿಂತಲ್ಲೇ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಪೂರ್ವಜನಿಗೆ ನಡೆಯುವ ಅರ್ಥವಿರಲಿಲ್ಲ. ಉರುಳು, ಹೊರಳು, ಅಲೆಯಂತೆ ಮೇಲೆ ಕೆಳಗೆ ಆಡು ಎಂಬ ಅರ್ಥವಿತ್ತು. ಮುಂದೆ ಅತ್ತಿತ್ತ ಓಡಾಡು ಎಂದಾಗಿ, ಕೊನೆಗೆ ನಡೆ ಎಂದಾಯಿತು.

ಹಳೆಯ ಅರ್ಥದ ಒಂದು ಕವಲು ನೇಕಾರರ ಬಳಿ ಉಳಿಯಿತು. ಹೊಸದಾಗಿ ನೇಯ್ದ ಉಣ್ಣೆಯ ಬಟ್ಟೆಯನ್ನು ನೀರಲ್ಲಿ ನೆನೆಸಿ ಕಾಲಿಂದ ತುಳಿದು ದಟ್ಟ ಮಾಡುತ್ತಿದ್ದರು. ಹಾಗೆ ತುಳಿಯುವವನೇ ‘ವಾಕರ್’. ಜರ್ಮನ್ ಭಾಷೆಯಲ್ಲಿ ‘ವಾಲ್ಕೆನ್’ ಎಂದರೆ ಇಂದಿಗೂ ಬಟ್ಟೆ ತುಳಿದು ಹದ ಮಾಡುವುದು. ಇಂಗ್ಲೆಂಡಿನಲ್ಲಿ ಇದೇ ಕಸುಬಿನವರು ಸೀಮೆಗೆ ತಕ್ಕಂತೆ ವಾಕರ್, ಫುಲ್ಲರ್, ಟಕ್ಕರ್ ಎಂಬ ಮೂರು ಅಡ್ಡಹೆಸರು ಪಡೆದರು.

ನಮ್ಮ ಮನೆಗಳಲ್ಲಿ ಕೌದಿ ಒಗೆಯುವುದನ್ನು ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ. ಹತ್ತು ಹಳೆಯ ಸೀರೆಗಳ ಪದರ ಹೊಲಿದ ಕೌದಿ ನೆನೆದರೆ ಇಬ್ಬರಿಗೂ ಎತ್ತಲಾಗದು. ಕೈಯಿಂದ ತಿಕ್ಕಿದರೆ ಕೊಳೆ ಬಿಡದು. ಹಿತ್ತಲಿನ ಶಹಾಬಾದ್ ಕಲ್ಲಿನ ಮೇಲೆ ಹಾಸಿ, ಸೀರೆ ಎತ್ತಿ ಕಟ್ಟಿ, ಗೋಡೆ ಹಿಡಿದು ನಮ್ಮಜ್ಜಿ ಅದರ ಮೇಲೆ ಹೆಜ್ಜೆ ಹಾಕುತ್ತಿದ್ದಳು, ಎಡ, ಬಲ, ಎಡ, ಬಲ. ಬೆರಳ ಸಂದಿಯಿಂದ ಮಣ್ಣುಬಣ್ಣದ ನೀರು ಹೊರಬರುತ್ತಿತ್ತು. ‘ವಾಕ್’ ಪದದ ಚರಿತ್ರೆ ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಪಾದಗಳು.

‘ಪೆಡೆಸ್ಟ್ರಿಯನ್’ ಪದಕ್ಕೂ ನಮ್ಮ ‘ಪಾದ’ಕ್ಕೂ ನಂಟಿದೆಯೇ?

ಇದೆ. ಸಂಸ್ಕೃತದ ‘ಪಾದ’, ಲ್ಯಾಟಿನ್ನಿನ ‘ಪೆಡ್’, ಇಂಗ್ಲಿಷಿನ ‘ಫುಟ್’ ಒಂದೇ ಬೇರಿನವು. ‘ಪಿತೃ’ ಅಲ್ಲಿ ‘ಫಾದರ್’ ಆದಂತೆ ‘ಪ’ಕಾರ ‘ಫ’ಕಾರವಾಗಿದೆ. ‘ಪೆಡೆಸ್ಟ್ರಿಯನ್’ ಎಂದರೆ ಪಾದಚಾರಿ. ಬರಹವನ್ನು ‘ಪೆಡೆಸ್ಟ್ರಿಯನ್’ ಎಂದರೆ ಮಾತ್ರ ಅದು ಹೊಗಳಿಕೆಯಲ್ಲ, ಸಪ್ಪೆ ಎಂದರ್ಥ.

ಹಾಗಾದರೆ ‘ನಡೆ’ ಎಂಬಲ್ಲೆಲ್ಲ ‘ವಾಕ್’ ಹಾಕಬಹುದೇ?

ಇಲ್ಲ, ಇಲ್ಲಿ ಎರಡು ದಾರಿ ಕವಲೊಡೆಯುತ್ತವೆ. ಕನ್ನಡದಲ್ಲಿ ಮದುವೆ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಜಗಳ ನಡೆಯುತ್ತದೆ. ‘ಇಷ್ಟಿದ್ದರೆ ನಡೆಯುತ್ತದೆ’ ಎಂದು ಒಪ್ಪಿಕೊಳ್ಳುತ್ತೇವೆ. ‘ನಡೆಯಿರಿ, ಹೊತ್ತಾಯಿತು’ ಎಂದು ಹೊರಡಿಸುತ್ತೇವೆ, ಆಮೇಲೆ ಆಟೋದಲ್ಲಿ ಹೋದರೂ ಸರಿಯೇ. ಇಂಗ್ಲಿಷಿನಲ್ಲಿ ಮದುವೆ ‘ಟೇಕ್ಸ್ ಪ್ಲೇಸ್’, ಅಂಗಡಿ ‘ರನ್ಸ್’, ಇಷ್ಟಿದ್ದರೆ ‘ವಿಲ್ ಡೂ’, ಹೊತ್ತಾದರೆ ‘ಲೆಟ್ಸ್ ಗೋ’. ನಮ್ಮ ಅಂಗಡಿ ನಡೆಯುತ್ತದೆ, ಅವರದು ಓಡುತ್ತದೆ.

‘ವಾಕ್ ದ ಟಾಕ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ನುಡಿದಂತೆ ನಡೆ. ಇದಕ್ಕೆ ಅನುವಾದ ಹುಡುಕುವ ಅಗತ್ಯವೇ ಇಲ್ಲ. ಬಸವಕಲ್ಯಾಣದ ನೆಲದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕೇಳಿದ್ದೇ ಇದನ್ನು, ನಡೆ ಮತ್ತು ನುಡಿ ಒಂದಾಗಿವೆಯೇ ಎಂದು. ‘ನಡೆನುಡಿ’ ಎಂಬ ಜೋಡುಪದ ನಮ್ಮ ನಾಲಿಗೆಯ ಮೇಲೆ ಸದಾ ಇದೆ. ಒಂದು ವಿಶೇಷ ನೋಡಿ: ಕನ್ನಡ ಲಿಪಿಯಲ್ಲಿ ಬರೆದರೆ ಇಂಗ್ಲಿಷಿನ ‘ವಾಕ್’ ನಡೆಯಾಗುತ್ತದೆ, ಸಂಸ್ಕೃತದ ‘ವಾಕ್’ ನುಡಿಯಾಗುತ್ತದೆ. ‘ವಾಕ್ ಸ್ವಾತಂತ್ರ್ಯ’ವನ್ನು ತಿರುಗಾಡುವ ಸ್ವಾತಂತ್ರ್ಯ ಎಂದು ತಿಳಿದು ಉತ್ತರ ಬರೆದ ವಿದ್ಯಾರ್ಥಿಯೂ ಇದ್ದಾನೆ. ನಮ್ಮ ಸಂವಿಧಾನದ 19ನೆಯ ವಿಧಿಯಲ್ಲಿ ಎರಡು ಸ್ವಾತಂತ್ರ್ಯಗಳೂ ಇವೆ ಎಂದು ಅವನಿಗೆ ಹೇಳಿಕೊಟ್ಟೆ.

ನಮ್ಮ ಅಜ್ಜ ಊಟವಾದ ಮೇಲೆ ‘ಚಹಲ್‌ಕದಮಿ’ ಎನ್ನುತ್ತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ಏನು?

ಕಲಬುರಗಿಯ ಪಿಯುಸಿ ಹುಡುಗಿಯೊಬ್ಬಳು, ಅಜ್ಜನ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಕುಳಿತು ಕೇಳಿದ ಪ್ರಶ್ನೆ ಇದು. ‘ಚಹಲ್’ ಎಂದರೆ ಪಾರಸಿಯಲ್ಲಿ ನಲವತ್ತು, ‘ಕದಮ್’ ಎಂದರೆ ಹೆಜ್ಜೆ. ಊಟ ಕರಗಲೆಂದು ಹಾಕುವ ನಲವತ್ತು ಹೆಜ್ಜೆ. ನಿಜಾಮರ ಕಾಲದಲ್ಲಿ ಉರ್ದು ಓದಿದ ಹಿರಿಯರ ಬಾಯಲ್ಲಿ ಉಳಿದಿದ್ದ ಮಾತು, ಈಗ ಅಪರೂಪವಾಗಿದೆ. ಇಂಗ್ಲಿಷಿನಲ್ಲಿ ‘ಆಫ್ಟರ್ ಡಿನ್ನರ್ ಸ್ಟ್ರೋಲ್’ ಎನ್ನಬಹುದು. ಆರೋಗ್ಯಕ್ಕಾಗಿ ದಿನವೂ ತಪ್ಪದೆ ಮಾಡುವ ನಡಿಗೆಗೆ ‘ಕಾನ್ಸ್‌ಟಿಟ್ಯೂಷನಲ್’ ಎಂಬ ಹಳೆಯ ಪದವೂ ಇದೆ. ಎರಡರಲ್ಲೂ ಆ ನಲವತ್ತರ ಲೆಕ್ಕವಿಲ್ಲ.

ಎರಡನ್ನೂ ಅವಳಿಗೆ ಹೇಳಿ, ಅಜ್ಜನ ಮಾತನ್ನೂ ಬಿಡಬೇಡ ಎಂದೆ. ಮರುದಿನ ಅವಳು ತಂದ ಹಾಳೆಯ ಮೊದಲ ಸಾಲು ಹೀಗಿತ್ತು: ‘ಮೈ ಗ್ರ್ಯಾಂಡ್‌ಫಾದರ್ ವಾಕ್ಟ್ ಹಿಸ್ ಫಾರ್ಟಿ ಸ್ಟೆಪ್ಸ್ ಎವ್ರಿ ನೈಟ್.’ ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೆ, ಹಾಕಿ ಕೆಳಗಿಟ್ಟೆ.